ಸ್ಟೆಫಾ ಹೇಳಿದ ಭಾನುವಾರ

ಆ ಮಧ್ಯಾಹ್ನ ಕೊಠಡಿಯಲ್ಲಿದ್ದವರು ಮೂರೇ ಜನ. ಬಾಗಿಲ ಬಳಿಯ ಮೇಜಿನಲ್ಲಿ ನಮ್ಮ ಮೇಲಧಿಕಾರಿ ಗ್ಲೋರಿಯಾ, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು. ಕಿಟಕಿಯ ಕಡೆ ನಾನು, ಡಬ್ಬಿಯಲ್ಲಿ ತಂದ ಪುಳಿಯೋಗರೆಯನ್ನು ಅವರಿಗೆ ಕಾಣದ ಹಾಗೆ ಡ್ರಾಯರಿನೊಳಗೇ ಇಟ್ಟುಕೊಂಡು ಮುಗಿಸುತ್ತ. ನಮ್ಮಿಬ್ಬರ ನಡುವೆ, ಕೆಂಪು ಟ್ರ್ಯಾಕ್ ಸೂಟು ತೊಟ್ಟು, ಎರಡೂ ಕೈಗಳನ್ನು ಸೊಂಟದ ಮೇಲಿಟ್ಟುಕೊಂಡು ನಿಂತ, ಎಂಬತ್ತರ ಹತ್ತಿರದ ಒಬ್ಬ ಹೆಂಗಸು.

“ಸತ್ತವರನ್ನ ಹುಡುಕಿಕೊಡೋರು ಯಾರಿಲ್ಲಿ?” ಎಂದರು ಆಕೆ.

ಗ್ಲೋರಿಯಾ ತಲೆ ಎತ್ತದೆ ಪೆನ್ಸಿಲಿನಿಂದ ನನ್ನ ಕಡೆ ತೋರಿಸಿದರು. “ಅವಳು. ಊಟ ಮುಗಿಸಿದ ಮೇಲೆ.”

ನನ್ನ ಕೆಲಸ ಇದ್ದದ್ದು ನ್ಯೂಜೆರ್ಸಿಯ ಒಂದು ಸಾರ್ವಜನಿಕ ಗ್ರಂಥಾಲಯದಲ್ಲಿ, ಸ್ಥಳೀಯ ಇತಿಹಾಸದ ಕೊಠಡಿಯಲ್ಲಿ. ತಮ್ಮ ಮುತ್ತಜ್ಜ ಯಾವ ಊರಿನಿಂದ ಬಂದ, ಯಾವ ಹಡಗಿನಲ್ಲಿ ಬಂದ, ಯಾರನ್ನು ಬಿಟ್ಟು ಬಂದ ಎಂದು ತಿಳಿಯಬೇಕಾದವರು ನಮ್ಮ ಬಾಗಿಲಿಗೆ ಬರುತ್ತಿದ್ದರು. ನಮ್ಮ ಸುತ್ತಿನ ಊರುಗಳಲ್ಲಿ ಉಕ್ರೇನಿನಿಂದ ಬಂದು ಗಿರಣಿ ಸೇರಿದವರ ವಂಶ ಹೆಚ್ಚು. ಹಾಗಾಗಿ ನನ್ನ ಪಾಲಿಗೆ ಬಂದವರೂ ಅವರೇ. ‘ಉಕ್ರೇನಿಯನ್ನರ ಮನೆತನ ಹುಡುಕೋದಕ್ಕೆ ಮೈಸೂರಿನವಳೇ?’ ಎಂದು ಕೇಳಿದವರು ಬಹಳ. ನಾನು ಹೇಳುತ್ತಿದ್ದುದು ಒಂದೇ: “ನಮ್ಮಲ್ಲಿ ಮದುವೆಗೆ ಹೋದರೆ ಮೊದಲನೇ ಅರ್ಧ ಗಂಟೆ ‘ನೀನು ಯಾರ ಮಗಳಮ್ಮ?’ ಅನ್ನೋದರಲ್ಲೇ ಕಳೆಯುತ್ತೆ. ನನಗೆ ಅದೇ ಟ್ರೈನಿಂಗ್.”

ಹೋದ ತಿಂಗಳು ಐಸೆಲಿನ್‌ನಲ್ಲಿ ಇಂಡಿಯನ್ ಅಂಗಡಿಯೊಂದರಲ್ಲಿ ಮೆಂತ್ಯದ ಸೊಪ್ಪು ಆರಿಸುತ್ತಿದ್ದೆ. ಪರಿಚಯದ ಹುಡುಗಿಯೊಬ್ಬಳು ಓಡಿಬಂದು, “ಆಂಟಿ, ಐ ಗಾಟ್ ಇನ್‌ಟು ಲೈಬ್ರರಿ ಸ್ಕೂಲ್! ನಿಮ್ಮ ಜಾಬ್ ನಿಜವಾಗ್ಲೂ ಹೇಗಿತ್ತು?” ಎಂದು ಕೇಳಿದಳು. ಸೊಪ್ಪಿನ ಕಟ್ಟು ಹಿಡಿದುಕೊಂಡು ಹೇಳಿ ಮುಗಿಸುವ ಮಾತಲ್ಲ ಅದು. ಅದಕ್ಕೇ ಬರೆಯುತ್ತಿದ್ದೇನೆ. ಅವಳಿಗೆ ಕನ್ನಡ ಓದಲು ಬಾರದು, ಅವಳಮ್ಮ ಓದಿ ಹೇಳಲಿ. ನಾನೂ ಐದು ವರ್ಷದವಳಿದ್ದಾಗ ಈ ದೇಶಕ್ಕೆ ಬಂದವಳು. ಕನ್ನಡ ಕಲಿತದ್ದು ಅಜ್ಜಿಯ ಪಕ್ಕ ಕೂತು ಅವರೆಕಾಯಿ ಬಿಡಿಸುತ್ತ. ಹಾಗಾಗಿ ಯಾರು ಇಂಗ್ಲಿಷಿನಲ್ಲಿ ಏನು ಹೇಳಿದರೂ ನನ್ನ ನೆನಪಿನಲ್ಲಿ ಉಳಿಯುವುದು ಅಜ್ಜಿಯ ಮೈಸೂರು ಕನ್ನಡದಲ್ಲೇ. ಇಲ್ಲಿ ಉಕ್ರೇನಿಯನ್ ಮುದುಕಿಯೊಬ್ಬರು ‘ಅಯ್ಯೋ’ ಎಂದರೆ ಓದುವವರು ಸಹಿಸಿಕೊಳ್ಳಬೇಕು.

ಬಡ್ತಿ ಯಾವಾಗ ಬಂತು, ಯಾರು ಹಾರ ಹಾಕಿದರು ಎಂಬುದನ್ನೆಲ್ಲ ಬಿಡುತ್ತೇನೆ. ನನಗೇ ನೆನಪಿಲ್ಲ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬ ಮುದುಕರು ಬಂದರು. ಅವರ ಅಜ್ಜಿ ಆಸ್ಟ್ರಿಯಾದಲ್ಲಿ ಹುಟ್ಟಿದರಂತೆ, ಪೋಲೆಂಡಿನಲ್ಲಿ ಮದುವೆಯಾದರಂತೆ, ಸೋವಿಯತ್ ದೇಶದಲ್ಲಿ ತೀರಿಕೊಂಡರಂತೆ, ಈಗ ಅವರ ಸಮಾಧಿ ಉಕ್ರೇನಿನಲ್ಲಿದೆಯಂತೆ. “ಇಷ್ಟೊಂದು ತಿರುಗಾಡಿದ ಹೆಂಗಸು, ಬಹಳ ಧೈರ್ಯವಂತೆ” ಎಂದು ಅವರು ಕಣ್ಣೊರೆಸಿಕೊಂಡರು. ನಾನೂ ಮರುಗಿದೆ. ವಾರಗಟ್ಟಲೆ ನಾಲ್ಕು ದೇಶಗಳಲ್ಲಿ ಆ ಧೈರ್ಯವಂತೆಯನ್ನು ಹುಡುಕಿದೆ. ಕೊನೆಗೆ ಗ್ಲೋರಿಯಾ ಹಳೆಯ ನಕ್ಷೆಗಳನ್ನು ಒಂದರ ಮೇಲೊಂದು ಹರಡಿ ತೋರಿಸಿದರು. ಅಜ್ಜಿ ಅಡುಗೆಮನೆ ಬಿಟ್ಟು ಕದಲಿಯೇ ಇರಲಿಲ್ಲ. ಅವರ ಹಳ್ಳಿಯ ಮೇಲೆ ದೇಶಗಳೇ ಬಂದು ಹೋಗಿದ್ದವು.

ಮನೆಗೆ ಹೋಗಿ ಗಂಡನಿಗೆ ಹೇಳಿದೆ. ರಘು ಧಾರವಾಡದವರು. ಬಿದ್ದು ಬಿದ್ದು ನಕ್ಕರು. “ಇದಕ್ಕ ನಕಾಶಿ ಯಾಕ ಬೇಕಿತ್ತು? ನನ್ನ ಕೇಳಿದ್ರ ಹೇಳ್ತಿದ್ದೆ. ನಮ್ಮ ಅಜ್ಜಾ ಹುಟ್ಟಿದ್ದು ಮುಂಬಯಿ ಪ್ರಾಂತದಾಗ, ರಿಟೈರ್ ಆಗಿದ್ದು ಮೈಸೂರು ರಾಜ್ಯದಾಗ, ಸತ್ತದ್ದು ಕರ್ನಾಟಕದಾಗ. ಮನಿ ಮುಂದಿನ ಕಟ್ಟಿ ಬಿಟ್ಟು ಇಳದಾಂವ ಅಲ್ಲ.”

ಅವತ್ತಿನಿಂದ ನಾನು ಯಾರನ್ನೂ ‘ಯಾವ ದೇಶ?’ ಎಂದು ಕೇಳಲಿಲ್ಲ. ‘ಕ್ರಿಸ್ಮಸ್ ಹಿಂದಿನ ರಾತ್ರಿ ನಿಮ್ಮಜ್ಜಿ ಏನು ಅಡುಗೆ ಮಾಡುತ್ತಿದ್ದರು?’ ಎಂದು ಕೇಳುತ್ತಿದ್ದೆ. ಗೋಧಿಗೆ ಗಸಗಸೆ, ಜೇನುತುಪ್ಪ ಹಾಕಿದ ಪಾಯಸದಂಥದ್ದು ಎಂದರೆ ಒಂದು ಸೀಮೆ, ಬೀಟ್‌ರೂಟ್ ಸಾರಿನಲ್ಲಿ ಅಣಬೆ ತುಂಬಿದ ಪುಟ್ಟ ಕಡುಬು ಎಂದರೆ ಇನ್ನೊಂದು. ಜನ ದೇಶ ಮರೆತಾರು, ಒಗ್ಗರಣೆ ಮರೆಯುವುದಿಲ್ಲ. ಹೊಸಬರಿಗೆ ನಾನು ಹೇಳುವ ಮೊದಲ ಪಾಠ ಇದು.

ವಿಧಾನಗಳು ನನ್ನ ಕಣ್ಣೆದುರಿಗೇ ಬದಲಾದವು. ಮೊದಲು ಮೈಕ್ರೋಫಿಲ್ಮ್ ಸುರುಳಿ. ತಿರುಗಿಸಿ ತಿರುಗಿಸಿ ಹಡಗು ಹತ್ತಿದವರಿಗಿಂತ ಹೆಚ್ಚಾಗಿ ನಮಗೇ ತಲೆಸುತ್ತು ಬರುತ್ತಿತ್ತು. ಆಮೇಲೆ ಎಲ್ಲವೂ ಕಂಪ್ಯೂಟರಿಗೆ ಬಂತು. ಆಮೇಲೆ ಡಿ.ಎನ್.ಎ.; ಒಂದು ಪುಟ್ಟ ಕೊಳವೆಯೊಳಗೆ ಉಗುಳಿ ಅಂಚೆಯಲ್ಲಿ ಕಳಿಸಿದರೆ ಬಂಧುಗಳ ಹೆಸರು ಬರುತ್ತದೆ. ಅವರೂ ಎಲ್ಲೋ ಉಗುಳಿದ್ದರೆ ಮಾತ್ರ. ‘ನಮ್ಮ ಕಾಲದಲ್ಲಿ ಕಂಡಕಂಡಲ್ಲಿ ಉಗುಳಿದರೆ ಬೈಯುತ್ತಿದ್ದರು’ ಎಂದು ನನ್ನ ಅಜ್ಜಿ ಇದ್ದಿದ್ದರೆ ಹೇಳುತ್ತಿದ್ದರು.

ಇಷ್ಟೆಲ್ಲ ವಿಧಾನಗಳನ್ನೂ ಸೋಲಿಸಿದವರು ಆ ಕೆಂಪು ಟ್ರ್ಯಾಕ್ ಸೂಟಿನ ಹೆಂಗಸು.

ಅವರ ಹೆಸರು ಸ್ಟೆಫಾ ಮೆಲ್ನಿಕ್. ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್ ಆಗಿ ನಿವೃತ್ತರಾದವರು. ಫೋರ್ಟ್ ಲೀ ಎಂಬ ಊರಿನಲ್ಲಿ, ನದಿಯ ದೊಡ್ಡ ಸೇತುವೆಗೆ ಎದುರಾಗಿರುವ ಎತ್ತರದ ಕಟ್ಟಡದಲ್ಲಿ ಒಂಟಿ ವಾಸ. ಮದುವೆಯಾಗಲಿಲ್ಲ, ಒಡಹುಟ್ಟಿದವರಿಲ್ಲ. ಕುರ್ಚಿ ಎಳೆದುಕೊಂಡು ಕೂತು ನೇರವಾಗಿ ವಿಷಯಕ್ಕೆ ಬಂದರು.

“ನೋಡು, ಈಸ್ಟರ್ ಆದ ಮುಂದಿನ ಭಾನುವಾರ ನಾವು ಸಮಾಧಿಗೆ ಹೋಗ್ತೀವಿ. ಬಣ್ಣದ ಮೊಟ್ಟೆ, ಬ್ರೆಡ್ಡು ತಗೊಂಡು. ಅಲ್ಲೇ ಕೂತು ತಿಂತೀವಿ, ಸತ್ತವರಿಗೂ ಒಂದಿಷ್ಟು ಇಡ್ತೀವಿ. ಗೊತ್ತಾಯ್ತಾ?”

“ಗೊತ್ತು. ನಮ್ಮಲ್ಲಿ ಪಿತೃಪಕ್ಷ ಅಂತಾರೆ. ಎಡೆ ಇಡ್ತೀವಿ. ಕಾಗೆ ಬಂದು ತಿನ್ನುತ್ತೆ.”

“ನಮ್ಮಲ್ಲಿ ಪಾದ್ರಿ ತಿಂತಾನೆ” ಎಂದರು ಸ್ಟೆಫಾ. “ನಮ್ಮಜ್ಜಿಗೆ ನಾನು ಹೋಗ್ತೀನಿ. ನಮ್ಮಪ್ಪ ಅಮ್ಮನಿಗೆ ನಾನು ಹೋಗ್ತೀನಿ. ನನಗೆ ಯಾರು ಬರ್ತಾರೆ? ನಮ್ಮಪ್ಪನಿಗೆ ಒಬ್ಬ ತಮ್ಮ ಇದ್ದ, ಮಿಖಾಯ್ಲೋ. ನಾನು ಮಗುವಾಗಿದ್ದಾಗ ಕೆನಡಾಕ್ಕೆ ಹೋದನಂತೆ. ಅವನ ಮಕ್ಕಳೋ ಮೊಮ್ಮಕ್ಕಳೋ ಎಲ್ಲಾದರೂ ಇರಬೇಕು. ನನಗೆ ದೊಡ್ಡ ವಂಶವೃಕ್ಷ ಬೇಡ. ಆ ಭಾನುವಾರ ಬಂದು ಹೋಗೋಕೆ ರಕ್ತಸಂಬಂಧದ ಒಬ್ಬರು ಸಾಕು.”

ನಗುತ್ತಲೇ ಹೇಳಿದರು. ನಾನೂ ನಗುತ್ತಲೇ ಕೇಳಿದೆ. ಆದರೆ ಅವರು ಹೋದ ಮೇಲೆ ಗ್ಲೋರಿಯಾ ಕನ್ನಡಕ ತೆಗೆದು, “ಇದನ್ನ ಕೈಬಿಡಬೇಡ” ಎಂದರು. ಯಾವ ಕೆಲಸಕ್ಕೂ ಅವರು ಹಾಗೆ ಹೇಳಿದವರಲ್ಲ.

ಕೆನಡಾವನ್ನು ಜಾಲಾಡಿದೆ. ಗಡಿ ದಾಟಿದವರಲ್ಲಿ ಇಲ್ಲ, ಗೋಧಿ ಬೆಳೆಯುವ ಸೀಮೆಯಲ್ಲಿ ಇಲ್ಲ, ಚರ್ಚುಗಳಲ್ಲಿ ಇಲ್ಲ. ಮಿಖಾಯ್ಲೋ ಮೆಲ್ನಿಕ್‌ಗಳೇನೋ ಸಿಕ್ಕರು, ಒಬ್ಬೊಬ್ಬರಿಗೂ ಫೋನು ಮಾಡಿದೆ. ಒಬ್ಬರು ತಾವೇ ಚಿಕ್ಕಪ್ಪನ ಮಗ ಎಂದು ಖಂಡಿತವಾಗಿ ಹೇಳಿ, ಮೂರನೇ ಕರೆಯ ಹೊತ್ತಿಗೆ ಸ್ಟೆಫಾಗೆ ಇನ್ಶೂರೆನ್ಸ್ ಮಾರಲು ನೋಡಿದರು. ಸ್ಟೆಫಾ ಕೊಳವೆಗೆ ಉಗುಳಿ ಕಳಿಸಿದರು. ಹತ್ತಿರದ ನೆಂಟರು ಒಬ್ಬರೂ ಬರಲಿಲ್ಲ. “ನನ್ನ ಎಂಜಲು ದಂಡ” ಎಂದರು. ಹೀಗೇ ಎರಡು ವರ್ಷ ಹೋಯಿತು. ಪ್ರತಿ ಸಲ ಬರುವಾಗಲೂ ಮೆಟ್ಟಿಲು ಹತ್ತಿಯೇ ಬರುತ್ತಿದ್ದ ಸ್ಟೆಫಾ ಲಿಫ್ಟಿನಲ್ಲಿ ಬರತೊಡಗಿದರು.

ಆ ವಸಂತದಲ್ಲಿ ಅವರಿಗೆ ಸೊಂಟದ ಆಪರೇಷನ್ ಆಯಿತು. ಮತ್ತೆ ನಡೆದಾಡುವಷ್ಟು ಚೇತರಿಸಿಕೊಳ್ಳಲೆಂದು ಆಸ್ಪತ್ರೆಯಿಂದ ರಿಹ್ಯಾಬಿಗೆ ಕಳಿಸಿದ್ದರು. ಅಲ್ಲಿಂದ ಫೋನು ಮಾಡಿದರು. “ಸುಮಾ, ಈ ಸಲ ನನಗೆ ಹೋಗೋಕಾಗಲ್ಲ. ಅಪ್ಪ ಅಮ್ಮ ಇರೋದು ಬೇರೆ ಕಡೆ, ದೂರ. ನಮ್ಮಜ್ಜಿ ಹತ್ತಿರ ಮಾತ್ರ ನೀನು ಹೋಗಿಬರ್ತೀಯಾ? ಈಸ್ಟರ್ ಆದ ಮುಂದಿನ ಭಾನುವಾರ. ಮೊಟ್ಟೇನ ಈರುಳ್ಳಿ ಸಿಪ್ಪೆ ಹಾಕಿ ಬೇಯಿಸು, ಕೆಂಪಗಾಗುತ್ತೆ. ಬ್ರೆಡ್ಡು ಬೇಕರೀಲಿ ಸಿಗುತ್ತೆ.”

ಕೆಲಸದ ಮಟ್ಟಿಗೆ ಇದೆಲ್ಲ ಕೂಡದು. ಗ್ಲೋರಿಯಾರನ್ನು ಕೇಳಿದೆ. “ಭಾನುವಾರ ನೀನು ನನ್ನ ಕೈಕೆಳಗಿಲ್ಲ” ಎಂದು ಹೇಳಿ ಅವರು ಮುಖ ಆ ಕಡೆ ತಿರುಗಿಸಿದರು.

ಇನ್ನು ಮೊಟ್ಟೆಯ ಸಮಸ್ಯೆ. ನಮ್ಮ ಒಲೆಯ ಮೇಲೆ ಈವರೆಗೆ ಮೊಟ್ಟೆ ಬೆಂದದ್ದಿಲ್ಲ. ಜೆರ್ಸಿಯ ನಮ್ಮ ಮನೆಗಳಲ್ಲಿ ಬಜ್ಜಿ, ಚಕ್ಕುಲಿ ಕರಿಯಲು ಗರಾಜಿನಲ್ಲಿ ಒಂದು ಒಲೆ ಇರುತ್ತದಲ್ಲ, ಮನೆಯೆಲ್ಲ ಎಣ್ಣೆ ವಾಸನೆ ಆಗಬಾರದೆಂದು, ಅಲ್ಲಿಗೆ ಹೋದೆ. ಹೊಸ ಪಾತ್ರೆ ಕೊಂಡುತಂದು, ಲಾನ್ ಮೋವರಿನ ಪಕ್ಕ ಕೂತು ಮೊಟ್ಟೆ ಬೇಯಿಸಿದೆ. ರಘು ಬಾಗಿಲಿಗೆ ಒರಗಿ ನಿಂತು ನೋಡಿದರು.

“ಯಾರಿಗೆ ಇದು ಮಡಿ ಅಡಿಗಿ?”

“ಸ್ಟೆಫಾ ಅವರ ಅಜ್ಜಿಗೆ. ನಾಳೆ ನೀವೇ ಡ್ರೈವ್ ಮಾಡ್ಬೇಕು.”

“ಅಲ್ಲ ಸುಮಾ, ಮಂದಿ ರವಿವಾರ ಗುಡಿಗೆ ಹೋಗ್ತಾರ. ನೀ ನನ್ನ ಸುಡುಗಾಡಿಗೆ ಕರಕೊಂಡು ಹೊಂಟೀ!”

ಸಮಾಧಿಭೂಮಿ ಇದ್ದದ್ದು ಹೈವೇ ಪಕ್ಕ, ಎದುರಿಗೆ ಟೈರ್ ಅಂಗಡಿ. ಗಾಳಿ ಕೊರೆಯುತ್ತಿತ್ತು. ಸ್ಟೆಫಾ ವರ್ಣಿಸಿದ ಹಾಗೆ ನೂರಾರು ಜನ ಇರುತ್ತಾರೆ, ಕಂಬಳಿ ಹಾಸಿ ಊಟ ಮಾಡುತ್ತಿರುತ್ತಾರೆ ಎಂದುಕೊಂಡಿದ್ದೆ. ಅಲ್ಲೊಬ್ಬರು ಇಲ್ಲೊಬ್ಬರು ಬಿಟ್ಟರೆ ಇದ್ದವು ಹುಲ್ಲು ಮೇಯುವ ಬಾತುಗಳು. ಹುಡುಕಿಕೊಂಡು ಹೋಗಿ, ಅನಸ್ತಾಸಿಯಾ ಮೆಲ್ನಿಕ್ ಎಂದು ಕೆತ್ತಿದ್ದ ಕಲ್ಲಿನ ಮುಂದೆ ಕೂತು, ಕರವಸ್ತ್ರ ಹಾಸಿ ಮೊಟ್ಟೆ ಇಟ್ಟೆ. ಅಭ್ಯಾಸಬಲ, ಸುತ್ತ ಮೂರು ಸಲ ನೀರೂ ಚಿಮುಕಿಸಿಬಿಟ್ಟೆ.

ಹಿಂದಿನಿಂದ ಯಾರೋ ಕೆಮ್ಮಿದರು. ತಿರುಗಿದೆ. ಹೂವಿನ ಕುಂಡ ಹಿಡಿದ, ಟೊಪ್ಪಿಗೆ ಹಾಕಿದ ಎತ್ತರದ ಮುದುಕರು.

“ಮೇಡಂ, ನೀವು ಬೇರೆ ಯಾರದೋ ಅಜ್ಜಿ ಹತ್ತಿರ ಕೂತಿದ್ದೀರಿ.”

“ಇಲ್ಲ ಸರ್, ಸರಿಯಾದ ಅಜ್ಜೀನೇ. ಅನಸ್ತಾಸಿಯಾ ಮೆಲ್ನಿಕ್.”

“ಗೊತ್ತು. ನಮ್ಮಜ್ಜಿ.”

“ನಿಮ್ಮಜ್ಜಿ ಹೇಗಾಗ್ತಾರೆ? ಇವರು ಸ್ಟೆಫಾ ಅಜ್ಜಿ.”

“ಯಾವ ಸ್ಟೆಫಾ? ವರ್ಷಾ ವರ್ಷಾ ಬರೋನು ನಾನು. ನೀವು ಯಾರು?”

ನನಗೆ ರೇಗಿತು. ಅಷ್ಟು ಕಷ್ಟಪಟ್ಟು ಗರಾಜಿನಲ್ಲಿ ಬೇಯಿಸಿ ತಂದದ್ದು. ಇನ್ನೇನೋ ಹೇಳಲು ಬಾಯಿ ತೆರೆದಾಗ, ಬ್ರೆಡ್ಡಿನ ಚೀಲ ಹಿಡಿದು ನಿಂತಿದ್ದ ರಘು ಕನ್ನಡದಲ್ಲಿ ಹೇಳಿದರು: “ಸುಮಾ, ಜಗಳಾ ಬ್ಯಾಡ. ಅಜ್ಜಿ ಒಬ್ಬಾಕಿನೇ, ಮೊಮ್ಮಕ್ಕಳು ಇಬ್ಬರು ಇರಬಾರದೇನು?”

ಗ್ರಂಥಾಲಯದಲ್ಲಿ ಒಂದು ಜೀವಮಾನ ಕಳೆದವಳು ನಾನು. ಹೊಳೆದದ್ದು ಬ್ರೆಡ್ಡು ಹಿಡಿದವರಿಗೆ.

“ನಿಮ್ಮ ತಂದೆಯ ಹೆಸರು?” ಎಂದು ಕೇಳಿದೆ. “ಮೈಕ್ ಮಿಲ್ಲರ್” ಎಂದರು. ತಡೆದು, “ಮೊದಲು ಮಿಖಾಯ್ಲೋ ಮೆಲ್ನಿಕ್” ಎಂದರು.

ಆ ಮುದುಕರು, ವಾಲ್ಟರ್ ಮಿಲ್ಲರ್, ಹೇಳಿದ ಕಥೆ ಇಷ್ಟು. ಇಲ್ಲಿ ಜೆರ್ಸಿಯ ಅವರ ಊರಿನ ಚರ್ಚು ಒಂದು ಕಾಲಕ್ಕೆ ಎಲ್ಲರದೂ ಒಂದೇ ಆಗಿತ್ತು. ಹಬ್ಬಗಳನ್ನು ಅಮೆರಿಕದವರ ಹಾಗೆ ಹೊಸ ಕ್ಯಾಲೆಂಡರಿನ ಪ್ರಕಾರ ಮಾಡಬೇಕೋ, ಅಜ್ಜಂದಿರ ಹಳೆಯ ಪಂಚಾಂಗದ ಪ್ರಕಾರವೇ ಮಾಡಬೇಕೋ ಎಂಬುದಕ್ಕೆ ಜಗಳ ಹತ್ತಿತು. ಅಣ್ಣ ಇವಾನ್ ಹಳೆಯದಕ್ಕೆ ಅಂಟಿಕೊಂಡು ಹೊರಗೆ ಹೋಗಿ ರಸ್ತೆಯಾಚೆ ಬೇರೆ ಚರ್ಚು ಕಟ್ಟಿದವರ ಜೊತೆ ಸೇರಿದರು. ತಮ್ಮ ಮಿಖಾಯ್ಲೋ ಮೊದಲಿನ ಚರ್ಚಿನಲ್ಲೇ, ಹೊಸ ಕ್ಯಾಲೆಂಡರಿನವರ ಜೊತೆ ಉಳಿದರು. ಅಲ್ಲಿಗೆ ಮಾತು ಮುಗಿಯಿತು. ಮಗಳು ಸ್ಟೆಫಾಗೆ ಇವಾನ್, ಚಿಕ್ಕಪ್ಪ ಕೆನಡಾಕ್ಕೆ ಹೋದ ಎಂದರು. ಕೋಪದಲ್ಲಿ ಒಡಹುಟ್ಟಿದವನನ್ನು ಅಲ್ಲಿವರೆಗೂ ಅಟ್ಟಿಬಿಟ್ಟಿದ್ದರು. ಚಿಕ್ಕಪ್ಪ ಇದ್ದದ್ದು ಪಕ್ಕದ ಊರಿನಲ್ಲಿ, ಮಿಲ್ಲರ್ ಎಂದು ಹೆಸರು ಬದಲಿಸಿಕೊಂಡು. ಜೆರ್ಸಿಯಲ್ಲಿ ಮಿಲ್ಲರ್‌ನನ್ನು ಹುಡುಕುವುದು ಮೈಸೂರಿನಲ್ಲಿ ನಾಗರಾಜನನ್ನು ಹುಡುಕಿದ ಹಾಗೆ.

ತಾಯಿಯ ಸಮಾಧಿ ಮಾತ್ರ ಜಗಳಕ್ಕೆ ಮೊದಲಿನದು, ಇಬ್ಬರಿಗೂ ಸೇರಿದ್ದು. ಎರಡೂ ಮನೆಯವರು ಇಷ್ಟು ವರ್ಷ ಅದೇ ಕಲ್ಲಿಗೆ ಬಂದಿದ್ದಾರೆ. ಇವರ ಈಸ್ಟರ್ ಒಂದು ದಿನ, ಅವರದ್ದು ಇನ್ನೊಂದು ದಿನ. ಇವರ ಭಾನುವಾರ ಅವರ ಭಾನುವಾರವಲ್ಲ. ಅಪರೂಪಕ್ಕೆ ಎರಡೂ ಒಂದೇ ದಿನ ಬಂದರೆ, ಒಬ್ಬರ ಪಾದ್ರಿ ಬೆಳಗ್ಗೆ ಬಂದು ಹೋಗುತ್ತಾರೆ, ಇನ್ನೊಬ್ಬರ ಪಾದ್ರಿ ಊಟವಾದ ಮೇಲೆ.

ನಾನು ಹೋಗಬೇಕಿದ್ದದ್ದು ಸ್ಟೆಫಾ ಅವರ ಈಸ್ಟರಿನ ಮುಂದಿನ ಭಾನುವಾರ. ಹೋದದ್ದು ನಮ್ಮ ಫ್ರಿಜ್ಜಿನ ಮೇಲಿನ ಕ್ಯಾಲೆಂಡರಿನ ಈಸ್ಟರ್ ನೋಡಿಕೊಂಡು. ನಮ್ಮಲ್ಲೇ ಕೃಷ್ಣಾಷ್ಟಮಿ ನಮ್ಮ ಮನೆಯಲ್ಲಿ ಒಂದು ದಿನ, ಪಕ್ಕದ ಅಯ್ಯಂಗಾರರ ಮನೆಯಲ್ಲಿ ಇನ್ನೊಂದು ದಿನ. ಎರಡೂ ಕಡೆ ಚಕ್ಕುಲಿ ತಿಂದು ಬೆಳೆದವಳಿಗೆ ಇದು ಹೊಳೆಯಬೇಕಿತ್ತು. ಹೊಳೆಯದೇ ಇದ್ದದ್ದು ಪುಣ್ಯ.

“ಇವಾನ್ ಮಗಳು ಬದುಕಿದ್ದಾರಾ?” ಎಂದು ಕೇಳಿದರು ವಾಲ್ಟರ್.

“ಫೋರ್ಟ್ ಲೀಯಲ್ಲಿದ್ದಾರೆ.”

“ಫೋರ್ಟ್ ಲೀ! ನಾನು ವಾರವಾರ ಅಲ್ಲಿಗೆ ಮೀನು ತರೋಕೆ ಹೋಗ್ತೀನಿ” ಎನ್ನುತ್ತ ಹೂವಿನ ಕುಂಡವನ್ನು ಕಲ್ಲಿನ ಬಳಿ ಇಳಿಸಿದರು. ಆಮೇಲೆ ಮುಖ ಬಿಗಿಯಿತು. “ಆದರೆ ನಮ್ಮಪ್ಪ ಸಾಯೋವರೆಗೂ ಆ ಕಡೆಯವರ ಹೆಸರು ಎತ್ತಲಿಲ್ಲ. ಆ ಕಡೆಯವರ ಹಬ್ಬಕ್ಕೆ ಕಾಲಿಡಲ್ಲ ಅಂತ ಅವರಿಗೆ ಮಾತು ಕೊಟ್ಟಿದ್ದೀನಿ. ನಾನು ಯಾಕೆ ಹೋಗಲಿ?”

ನಾನು ಒಂದು ಮೊಟ್ಟೆ ಕೊಟ್ಟೆ. ಅವರು ಸುಲಿದು ಬಾಯಿಗೆ ಹಾಕಿಕೊಂಡರು. “ಉಪ್ಪು ತಂದಿಲ್ಲ” ಎಂದು ಗೊಣಗಿದರು. ತಿಂದಾದ ಮೇಲೆ ತಮ್ಮ ಫೋನ್ ನಂಬರ್ ಹೇಳಿದರು.

ಮಾರನೇ ದಿನ ಸ್ಟೆಫಾಗೆ ಫೋನು ಮಾಡಿದೆ. ಮೊದಲು ಬೈಗುಳ. “ನನ್ನ ಈಸ್ಟರ್ ಇನ್ನೂ ಬಂದೇ ಇಲ್ಲ, ಅಷ್ಟರಲ್ಲೇ ಹೋಗಿಬಂದ್ಯಾ? ಅಜ್ಜಿ ಇನ್ನೂ ಹಬ್ಬದ ಹಿಂದಿನ ಉಪವಾಸದಲ್ಲಿರ್ತಾರೆ, ಮೊಟ್ಟೆ ಮುಟ್ಟಲ್ಲ!” ಆಮೇಲೆ ವಾಲ್ಟರ್ ವಿಷಯ ಹೇಳಿದೆ. ಆ ಕಡೆ ಟಿ.ವಿ. ಆರಿಸಿದ ಸದ್ದಾಯಿತು.

“ಅವನಿಗೆ ಕೂದಲಿದೆಯಾ?” ಎಂದರು. “ನಮ್ಮ ಮನೆ ಗಂಡಸರಿಗೆ ಬೇಗ ಉದುರುತ್ತೆ.”

“ಟೊಪ್ಪಿಗೆ ಹಾಕಿದ್ದರು.”

“ಹಾಗಾದರೆ ನಮ್ಮವನೇ.”

ವಾಲ್ಟರ್ ರಿಹ್ಯಾಬಿಗೆ ಬಂದ ದಿನ ನಾನೂ ಅಲ್ಲಿದ್ದೆ. ಅಪ್ಪಿಕೊಂಡು ಅಳುತ್ತಾರೆ ಎಂದು ಕರವಸ್ತ್ರ ಸಿದ್ಧವಾಗಿಟ್ಟುಕೊಂಡಿದ್ದೆ. ವಾಲ್ಟರ್ ಒಳಗೆ ಕಾಲಿಡುತ್ತಲೇ, “ನಿಮ್ಮಪ್ಪ ಚರ್ಚಿನ ಗಂಟೆ ಹೊತ್ತುಕೊಂಡು ಹೋದ” ಎಂದರು. “ಆ ಗಂಟೆಗೆ ಹಣ ಕೊಟ್ಟವರೇ ನಮ್ಮಪ್ಪ!” ಎಂದರು ಸ್ಟೆಫಾ. ಅಲ್ಲಿಂದ ಶುರುವಾಯಿತು ನೋಡಿ. ನರ್ಸ್ ಓಡಿಬಂದಳು. ಪಕ್ಕದ ಕೋಣೆಯವರು ಟಿ.ವಿ. ಆರಿಸಿ ಬಾಗಿಲಿಗೆ ಬಂದು ಕೂತರು. ನಾನು ಮಧ್ಯೆ ಹೋಗಿ ವಾಲ್ಟರ್‌ರನ್ನು ಹೊರಗೆ ಕರೆದುಕೊಂಡು ಹೋಗಬೇಕಾಯಿತು. ಎಲ್ಲ ಕೆಟ್ಟಿತು ಎಂದುಕೊಂಡು ಒಳಗೆ ಬಂದರೆ ಸ್ಟೆಫಾ ಕೆನ್ನೆ ಕೆಂಪಾಗಿ, ದಿಂಬಿಗೆ ಒರಗಿ ನಗುತ್ತಿದ್ದರು.

“ಎಂಥ ಜಗಳ ಆಡ್ತಾನೆ! ಥೇಟ್ ನಮ್ಮಪ್ಪ. ಮತ್ತೆ ಯಾವಾಗ ಬರ್ತಾನಂತೆ?”

ಮುಂದಿನ ಗುರುವಾರ ಬಂದರು, ಎಲೆಕೋಸಿನ ಎಲೆಯಲ್ಲಿ ಅಕ್ಕಿ ತುಂಬಿ ಬೇಯಿಸಿದ ಸುರುಳಿಗಳನ್ನು ಡಬ್ಬಿಯಲ್ಲಿ ತಂದು. “ಉಪ್ಪು ಕಮ್ಮಿ” ಎಂದರು ಸ್ಟೆಫಾ. ಅದರ ಮುಂದಿನ ಗುರುವಾರವೂ ಬಂದರು. ಫೋರ್ಟ್ ಲೀಗೆ ಸ್ಟೆಫಾ ವಾಪಸ್ಸಾದ ಮೇಲೂ ಮೀನಿನ ಚೀಲದ ಜೊತೆ ಹೋಗುತ್ತಿದ್ದರು. ಒಂದು ವಿಷಯದಲ್ಲಿ ಮಾತ್ರ ಇಬ್ಬರೂ ಬಗ್ಗಲಿಲ್ಲ.

“ನೀನು ತೀರಿಹೋದ ಮೇಲೆ ನಿನ್ನ ಸಮಾಧಿಗೆ ನಾನು ಬರ್ತೀನಿ ಬಿಡು” ಎನ್ನುತ್ತಿದ್ದರು ವಾಲ್ಟರ್. “ನಮ್ಮ ಭಾನುವಾರ ಹೇಗೂ ಅಲ್ಲಿರ್ತೀನಿ. ನಿನ್ನ ಭಾನುವಾರ ಮಾತ್ರ ಕರೀಬೇಡ. ಅಪ್ಪನಿಗೆ ಮಾತು ಕೊಟ್ಟವನು ನಾನು.”

“ನಿನ್ನ ಭಾನುವಾರ ನನ್ನ ಕಲ್ಲಿಗೆ ಬಂದು ಬಾಗಿಲು ತಟ್ಟಬೇಡ” ಎನ್ನುತ್ತಿದ್ದರು ಸ್ಟೆಫಾ. “ಅವತ್ತು ನಾನು ಮನೇಲಿರಲ್ಲ.”

ನಾನು ಗ್ಲೋರಿಯಾಗೆ ಎಲ್ಲ ಒಪ್ಪಿಸಿದಾಗ ಅವರು ಕೇಳಿದರು: “ಸರಿ, ಯಾವ ವಿಧಾನದಲ್ಲಿ ಸಿಕ್ಕಿತು ಅಂತ ಬರೀಲಿ?”

“ತಪ್ಪು ದಿನ ಸರಿಯಾದ ಜಾಗಕ್ಕೆ ಹೋಗೋದು.”

“ಅದು ಮ್ಯಾನ್ಯುಯಲ್‌ನಲ್ಲಿಲ್ಲ” ಎಂದು ಹೇಳಿ ಅವರು ಫಾರಮ್ಮಿನಲ್ಲಿ ಆ ಜಾಗ ಖಾಲಿ ಬಿಟ್ಟರು. ಹೊಸದಾಗಿ ಈ ಕೆಲಸಕ್ಕೆ ಬರುವವರು ಕಂಪ್ಯೂಟರನ್ನು ನನಗಿಂತ ಚೆನ್ನಾಗಿ ಬಲ್ಲವರು, ಅದರ ಬಗ್ಗೆ ನಾನು ಹೇಳುವುದೇನೂ ಇಲ್ಲ. ಸಮಾಧಿಯ ಹತ್ತಿರ ಊಟ ಮಾಡುವ ಜನರ ಮನೆತನ ಹುಡುಕುವಾಗ ಒಮ್ಮೆ ಊಟದ ಹೊತ್ತಿಗೆ ಹೋಗಿ ಕೂತು ಬನ್ನಿ, ಉಪ್ಪು ತೆಗೆದುಕೊಂಡು ಹೋಗಿ ಎಂದಷ್ಟೇ ಹೇಳಬಲ್ಲೆ.

ನಾನು ನಿವೃತ್ತಳಾದ ವರ್ಷದ ಚಳಿಗಾಲದಲ್ಲಿ ಸ್ಟೆಫಾ ತೀರಿಕೊಂಡರು, ನಿದ್ದೆಯಲ್ಲೇ. ಅಜ್ಜಿಯ ಪಕ್ಕದಲ್ಲಿ ಜಾಗವಿತ್ತು. ವಸಂತದಲ್ಲಿ ಅಮೆರಿಕದವರ ಈಸ್ಟರ್ ಬಂದು ಹೋಯಿತು. ವಾಲ್ಟರ್ ತಮ್ಮ ಭಾನುವಾರ ಅಲ್ಲಿಗೆ ಹೋಗಿದ್ದರೆಂದು ಕೇಳಿದೆ.

ಸ್ಟೆಫಾ ಅವರ ಈಸ್ಟರ್ ಆದ ಮುಂದಿನ ಭಾನುವಾರ ನಾನೂ ರಘುವೂ ಹೊರಟೆವು. ಈ ಸಲ ನಿಜವಾಗಿಯೂ ನೂರಾರು ಜನ ಇದ್ದರು. ಕಾರು ನಿಲ್ಲಿಸಲು ಜಾಗ ಸಿಗದೆ ಟೈರ್ ಅಂಗಡಿಯ ಮುಂದೆ ಬಿಟ್ಟು ನಡೆದುಹೋದೆವು. ನಾವು ತಲುಪುವಷ್ಟರಲ್ಲಿ ಹೊಸ ಕಲ್ಲಿನ ಪಕ್ಕ ವಾಲ್ಟರ್ ಮಡಚುವ ಕುರ್ಚಿ ಹಾಕಿಕೊಂಡು ಕೂತಿದ್ದರು. ಟೊಪ್ಪಿಗೆ ತೆಗೆದು ಮಂಡಿಯ ಮೇಲೆ ಇಟ್ಟುಕೊಂಡಿದ್ದರು. ನಮ್ಮನ್ನು ನೋಡಿ ಎದ್ದು, ಇನ್ನೊಂದು ಕುರ್ಚಿ ಬಿಡಿಸಿ ನನ್ನ ಕಡೆ ತಳ್ಳಿದರು.

“ಕೂತ್ಕೊಳ್ಳಿ. ಅವಳ ಪಾದ್ರಿ ಇನ್ನೂ ಆ ಸಾಲಿನ ಸಮಾಧಿಗಳಿಗೆ ಪ್ರಾರ್ಥನೆ ಹೇಳ್ತಿದ್ದಾನೆ. ನಮ್ಮ ಸರದಿ ಬರೋಕೆ ಹೊತ್ತಾಗುತ್ತೆ.”